ಕಂಡದ್ದು, ಕೊಯ್ದದ್ದು: ಉದರ ಶಸ್ತ್ರಚಿಕಿತ್ಸೆಯಲ್ಲಿ ಅನಿರೀಕ್ಷಿತ ಶೋಧಗಳ ಚರಿತ್ರೆ

1735ರ ಡಿಸೆಂಬರ್ 6ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ 11 ವರ್ಷದ ಹುಡುಗನೊಬ್ಬನಿಗೆ ಹರ್ನಿಯಾ ಶಸ್ತ್ರಕ್ರಿಯೆ ನಡೆಯಿತು. ಕತ್ತಿ ಹಿಡಿದವನು ದೊರೆ ಎರಡನೆಯ ಜಾರ್ಜನ ಶಸ್ತ್ರವೈದ್ಯನೂ ಆಗಿದ್ದ ಕ್ಲಾಡಿಯಸ್ ಅಮಿಯಂಡ್. ಹುಡುಗನ ವೃಷಣಚೀಲಕ್ಕೆ ಹರ್ನಿಯಾ ಇಳಿದಿತ್ತು. ತೊಡೆಯ ಬಳಿ ಮಲ ಸೋರುವ ನಾಳವ್ರಣವೊಂದು ಬಾಯಿ ತೆರೆದಿತ್ತು. ಹರ್ನಿಯಾದ ಚೀಲವನ್ನು ಬಿಡಿಸಿದಾಗ ಅಲ್ಲಿ ಕಂಡದ್ದು ಅಪೆಂಡಿಕ್ಸ್. ಕಲ್ಲಿನಂಥ ಕವಚ ಕಟ್ಟಿಕೊಂಡ ಗುಂಡುಸೂಜಿಯೊಂದು ಅದನ್ನು ತೂತು ಮಾಡಿತ್ತು. ಅರಿವಳಿಕೆ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲವಿತ್ತು. ಸುಮಾರು ಅರ್ಧ ಗಂಟೆ ಹುಡುಗ ನೋವನ್ನು ಎಚ್ಚರದಲ್ಲೇ ಸಹಿಸಬೇಕಾಯಿತು. ಅಮಿಯಂಡ್ ಅಪೆಂಡಿಕ್ಸನ್ನು ಕಟ್ಟಿ ಕತ್ತರಿಸಿದ, ಹುಡುಗ ಬದುಕಿಕೊಂಡ. ಮರುವರ್ಷ ರಾಯಲ್ ಸೊಸೈಟಿಯ ಪತ್ರಿಕೆಗೆ ಬರೆದ ವರದಿಯಲ್ಲಿ, ತಾನು ಕಂಡ ಶಸ್ತ್ರಕ್ರಿಯೆಗಳಲ್ಲಿ ಇದರಷ್ಟು ತೊಡಕಿನದು ಮತ್ತೊಂದಿಲ್ಲವೆಂದೂ ಊಹಿಸದ ಸಂಗತಿಗಳು ಒಂದರ ಮೇಲೊಂದು ಬಂದವೆಂದೂ ಅವನು ಒಪ್ಪಿಕೊಂಡ. ದಾಖಲೆಗೆ ಸಿಗುವ ಮೊದಲ ಯಶಸ್ವಿ ಅಪೆಂಡಿಕ್ಸ್ ಶಸ್ತ್ರಕ್ರಿಯೆ ಇದೇ. ಅದು ಅಪೆಂಡಿಕ್ಸಿಗೆಂದು ಆರಂಭವಾದದ್ದಲ್ಲ.

ಹೊಟ್ಟೆಯೊಳಗೆ ಅನಿರೀಕ್ಷಿತವಾಗಿ ಕಂಡ ಸಂಗತಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಜ್ಞಾನ ಕರಗುತ್ತ ಬಂದ ಕಥೆಯಾಗಿ ಹೇಳಲಾಗುತ್ತದೆ: ಮೊದಲು ವೈದ್ಯರಿಗೆ ಒಳಗೇನಿದೆಯೆಂದು ತಿಳಿಯುತ್ತಿರಲಿಲ್ಲ, ಆಮೇಲೆ ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಬಂದವು, ಅಚ್ಚರಿಗಳು ಕಡಿಮೆಯಾದವು. ಇದು ಸುಳ್ಳಲ್ಲ, ಆದರೆ ಚರಿತ್ರೆಯ ಮುಖ್ಯ ಎಳೆಯನ್ನು ಇದು ತಪ್ಪಿಸುತ್ತದೆ. ತೆರೆದ ಹೊಟ್ಟೆಯಲ್ಲಿ ಬೇರೇನೋ ಕಂಡಾಗ ಏಳುವ ಪ್ರಶ್ನೆಗಳು ಎರಡು. ಇದೇನು ಎಂಬುದು ಒಂದು. ಇದನ್ನು ಈಗ ಏನು ಮಾಡಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬಲ್ಲವನೇ ಎರಡನೆಯದಕ್ಕೂ ಯಜಮಾನ ಎಂಬ ನಂಬಿಕೆ ಬಹುಕಾಲ ನಡೆಯಿತು. ಕಂಡವನ ಕೈಯಲ್ಲೇ ಕತ್ತಿಯೂ ಇತ್ತು. ಕಾಣುವುದು ಬೇರೆ, ಕೊಯ್ಯುವುದು ಬೇರೆ ಎಂದು ಇವೆರಡನ್ನು ಬಿಡಿಸಲು ವೈದ್ಯಶಾಸ್ತ್ರಕ್ಕೂ ನ್ಯಾಯಶಾಸ್ತ್ರಕ್ಕೂ ಎರಡು ಶತಮಾನ ಹಿಡಿಯಿತು. ಈ ಕ್ಷೇತ್ರದ ನಿಜವಾದ ಮುನ್ನಡೆ ಆ ಬೇರ್ಪಡಿಕೆಯೇ ಎಂಬುದು ಈ ಲೇಖನದ ವಾದ. ಉಪಕರಣಗಳು ಅದಕ್ಕೆ ನೆರವಾದವು, ಆದರೆ ಅವೇ ಅದನ್ನು ತಂದುಕೊಡಲಿಲ್ಲ.

ತೆರೆಯುವ ಮೊದಲಿನ ಅನುಮತಿ

ಹೊಟ್ಟೆಯನ್ನು ಸೀಳಿ ಒಳಗೆ ನೋಡುವ ವಿಚಾರ ಯೂರೋಪಿನಲ್ಲಿ ಹುಟ್ಟಿದ್ದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ಬದ್ಧಗುದೋದರವೆಂಬ, ಕರುಳಿಗೆ ತಡೆಯಾಗುವ ರೋಗಕ್ಕೆ ಹೇಳುವ ವಿಧಾನ ಸ್ಪಷ್ಟವಾಗಿದೆ: ಹೊಕ್ಕುಳ ಕೆಳಗೆ, ನಡುವಿನ ರೋಮರೇಖೆಯಿಂದ ಎಡಕ್ಕೆ ನಾಲ್ಕು ಅಂಗುಲ ಬಿಟ್ಟು ಸೀಳಬೇಕು, ನಾಲ್ಕು ಅಂಗುಲದಷ್ಟು ಕರುಳನ್ನು ಹೊರಗೆಳೆದು ಪರೀಕ್ಷಿಸಬೇಕು, ತಡೆಯೊಡ್ಡಿದ ಕಲ್ಲು, ಕೂದಲು ಅಥವಾ ಗಟ್ಟಿಯಾದ ಮಲವನ್ನು ತೆಗೆದು, ಜೇನು ಮತ್ತು ತುಪ್ಪ ಸವರಿ, ಕರುಳನ್ನು ಮರಳಿ ಸೇರಿಸಿ ಹೊಲಿಯಬೇಕು. ಕರುಳು ತೂತಾಗಿದ್ದರೆ ಅದರ ಅಂಚುಗಳನ್ನು ಕೂಡಿಸಿ ಕಪ್ಪಿರುವೆಗಳಿಂದ ಕಚ್ಚಿಸಿ, ತಲೆಯನ್ನಷ್ಟೇ ಉಳಿಸಿ ಮೈಯನ್ನು ಕಿತ್ತುಹಾಕಬೇಕೆಂಬ ಮಾತು ಪ್ರಸಿದ್ಧ. ಇಲ್ಲಿ ನಮಗೆ ಬೇಕಾದದ್ದು ಎರಡು ಅಂಶ. ಮೊದಲನೆಯದು, ಪರೀಕ್ಷೆ ಇಲ್ಲಿ ಶಸ್ತ್ರಕ್ರಿಯೆಯ ಒಂದು ಹಂತ. ಒಳಗಿರುವುದು ಕಲ್ಲೋ ಕೂದಲೋ ಎಂಬುದು ತೆರೆದ ಮೇಲೆಯೇ ಗೊತ್ತಾಗುವ ಸಂಗತಿ ಎಂದು ಗ್ರಂಥ ಒಪ್ಪಿಕೊಂಡಿದೆ. ಎರಡನೆಯದು ಅನುಮತಿಯ ಪ್ರಶ್ನೆ. ಮೂತ್ರಕೋಶದ ಕಲ್ಲು ತೆಗೆಯುವ ಮುನ್ನ ಒಡೆಯನನ್ನು ಕೇಳಿಕೊಳ್ಳಬೇಕೆಂದು ಸುಶ್ರುತ ಹೇಳಿದರೆ, ಉದರರೋಗಕ್ಕೆ ವಿಷಪ್ರಯೋಗದಂಥ ಕೊನೆಯ ಉಪಾಯಕ್ಕಿಳಿಯುವ ಮೊದಲು ಫಲ ಸಂಶಯವೆಂದು ನೆಂಟರಿಗೆ, ಗೆಳೆಯರಿಗೆ, ಹೆಂಡತಿಗೆ, ಬ್ರಾಹ್ಮಣರಿಗೆ, ಅರಸನಿಗೆ, ಗುರುಗಳಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಚರಕ ಸಂಹಿತೆ ಹೇಳುತ್ತದೆ. ಆ ಪಟ್ಟಿಯಲ್ಲಿ ಎಲ್ಲರೂ ಇದ್ದಾರೆ, ರೋಗಿಯೊಬ್ಬನ ಹೆಸರು ಮಾತ್ರ ಕಾಣುವುದಿಲ್ಲ. ಅನುಮತಿಯ ಕಲ್ಪನೆ ಹಳೆಯದು. ಅದು ಯಾರ ಅನುಮತಿ ಎಂಬ ಪ್ರಶ್ನೆ ಹೊಸದು. ಈ ಅಂತರ ಮುಂದೆ ನಮ್ಮ ಕಾಲದ ನ್ಯಾಯಾಲಯದಲ್ಲಿ ಮತ್ತೆ ಎದುರಾಗುತ್ತದೆ.

ಅಂಡಾಶಯದ ಬಾಗಿಲು

ಆಧುನಿಕ ಉದರ ಶಸ್ತ್ರಚಿಕಿತ್ಸೆ ಹೊಟ್ಟೆಯನ್ನು ಹೊಕ್ಕದ್ದು ಹೆಚ್ಚಾಗಿ ಹೆಣ್ಣಿನ ಅಂಡಾಶಯದ ಮೂಲಕ. ಇದಕ್ಕೆ ಕಾರಣ ಸರಳ. ಗುಲ್ಮ, ಪಿತ್ತಕೋಶ, ಮೇದೋಜ್ಜೀರಕ ಗ್ರಂಥಿಗಳ ರೋಗ ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲ; ಅಂಡಾಶಯದ ಗೆಡ್ಡೆಯಾದರೋ ತುಂಬು ಬಸುರಿಯ ಹೊಟ್ಟೆಯಂತೆ ಬೆಳೆದು ಕೈಗೆ ಸಿಗುತ್ತದೆ. ಅಮೆರಿಕದ ಕೆಂಟಕಿಯ ಡ್ಯಾನ್‌ವಿಲ್ ಎಂಬ ಊರಿನಲ್ಲಿ 1809ರಲ್ಲಿ ಎಫ್ರೈಮ್ ಮೆಕ್‌ಡೊವೆಲ್ ಅರಿವಳಿಕೆಯಿಲ್ಲದೆ ತೆಗೆದ ಅಂಡಾಶಯದ ಗೆಡ್ಡೆ ಸುಮಾರು ಹತ್ತು ಕಿಲೋ ತೂಗುತ್ತಿತ್ತು. ಅರಿವಳಿಕೆ ಬಂದ ಮೇಲೆ ಇಂಥ ಶಸ್ತ್ರಕ್ರಿಯೆಗಳು ಹೆಚ್ಚಿದವು. ಹೆಚ್ಚಿದಂತೆಲ್ಲ ಅಂಡಾಶಯದ ಗೆಡ್ಡೆಯೆಂದು ತೆರೆದ ಹೊಟ್ಟೆಯಲ್ಲಿ ಬೇರೆಯದೇ ಸಿಗತೊಡಗಿತು. 1867ರಲ್ಲಿ ಇಂಡಿಯಾನಾಪೊಲಿಸ್‌ನ ಜಾನ್ ಸ್ಟಫ್ ಬಾಬ್ಸ್ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಮಹಿಳೆಯೊಬ್ಬಳ ಹೊಟ್ಟೆ ತೆರೆದಾಗ ಅಂಡಾಶಯದ ಗೆಡ್ಡೆಯನ್ನೇ ಹುಡುಕುತ್ತಿದ್ದ. ಸಿಕ್ಕಿದ್ದು ಕಲ್ಲುಗಳಿಂದ ಉಬ್ಬಿದ ಪಿತ್ತಕೋಶ. ಅವನು ಅದನ್ನು ಕೊಯ್ದು ಕಲ್ಲುಗಳನ್ನು ಹೊರತೆಗೆದು ಹೊಲಿದ. ರೋಗಿ ಗುಣ ಹೊಂದಿ, 1870ರಲ್ಲಿ ತೀರಿಕೊಂಡ ಬಾಬ್ಸ್‌ಗಿಂತ ದಶಕಗಳ ಕಾಲ ಹೆಚ್ಚು ಬದುಕಿದಳು. ಪಿತ್ತಕೋಶವನ್ನೇ ಉದ್ದೇಶಿಸಿ, ಅದನ್ನು ಇಡಿಯಾಗಿ ತೆಗೆಯುವ ಯೋಜಿತ ಶಸ್ತ್ರಕ್ರಿಯೆಯನ್ನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಮಾಡಿದ್ದು ಇದಾಗಿ 15 ವರ್ಷಕ್ಕೆ, 1882ರಲ್ಲಿ. ಇಂದು ಜಗತ್ತಿನಾದ್ಯಂತ ದಿನನಿತ್ಯದ ಮಾತಾಗಿರುವ ಪಿತ್ತಕೋಶದ ಆಪರೇಷನ್ನಿನ ಹಿಂದೆ ಒಂದು ತಪ್ಪು ನಿದಾನವಿದೆ.

ಆದರೆ ಇಂಥ ಕಥೆಗಳನ್ನು ಗೆಲುವಿನ ಸರಣಿಯಾಗಿ ಓದುವುದು ಅಪಾಯ. ಬಾಬ್ಸ್‌ಗಿಂತ ಐದು ವರ್ಷ ಮುಂಚೆ, 1862ರಲ್ಲಿ, ಅಂಡಾಶಯ ಶಸ್ತ್ರಕ್ರಿಯೆಯಲ್ಲಿ ಹೆಸರಾಂತ ಇಂಗ್ಲಿಷ್ ವೈದ್ಯ ಸ್ಪೆನ್ಸರ್ ವೆಲ್ಸ್ ಕೂಡ ಇದೇ ನಿದಾನದಿಂದ ಯುವತಿಯೊಬ್ಬಳ ಹೊಟ್ಟೆ ತೆರೆದಿದ್ದ. ಗೆಡ್ಡೆ ಇರಲಿಲ್ಲ. ಉದರದ ಪೊರೆಯ ತುಂಬ ಕ್ಷಯದ ಸಣ್ಣ ಗಂಟುಗಳು, ಮಡುಗಟ್ಟಿದ ನೀರು. ನೀರು ತೆಗೆದು ಹೊಟ್ಟೆ ಮುಚ್ಚಿದ, ಯುವತಿ ಚೇತರಿಸಿಕೊಂಡಳು. ಇಲ್ಲಿಂದ ಮುಂದಿನದು ಎಚ್ಚರಿಕೆಯ ಪಾಠ. ಹೊಟ್ಟೆ ತೆರೆದದ್ದರಿಂದಲೇ ಕ್ಷಯ ಗುಣವಾಯಿತೆಂಬ ನಂಬಿಕೆ ಬೆಳೆಯಿತು. 1884ರ ನಂತರ ಜರ್ಮನಿಯ ಫ್ರಾಂಟ್ಸ್ ಕ್ಯೋನಿಗ್ ಇದನ್ನು ಚಿಕಿತ್ಸೆಯಾಗಿಯೇ ಎತ್ತಿಹಿಡಿದ. ಉದರದ ಕ್ಷಯಕ್ಕೆ ಹೊಟ್ಟೆ ತೆರೆದು ಮುಚ್ಚುವುದು ದಶಕಗಳ ಕಾಲ ಸಾಗಿತು. ಗಾಳಿ ತಾಕಿದ್ದರಿಂದ, ಬೆಳಕು ಬಿದ್ದದ್ದರಿಂದ, ನೀರು ಹೋದದ್ದರಿಂದ ಗುಣವಾಯಿತೆಂದು ಹಲವು ವಿವರಣೆಗಳನ್ನು ಹೊಸೆಯಲಾಯಿತು. ಕ್ಷಯ ಕೆಲವರಲ್ಲಿ ತಾನಾಗಿ ಇಳಿಯುವ ರೋಗ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದ್ದನ್ನು ಕಾರಣವೆಂದು ಎಣಿಸಲಾಗಿತ್ತು. ಬಾಬ್ಸ್‌ನ ಅಚ್ಚರಿ ಸರಿಯಾದ ಚಿಕಿತ್ಸೆಗೆ ದಾರಿ ಮಾಡಿದರೆ, ವೆಲ್ಸ್‌ನ ಅಚ್ಚರಿ ತಪ್ಪು ಚಿಕಿತ್ಸೆಗೆ ದಾರಿ ಮಾಡಿತು. ತೆರೆದ ಆ ಕ್ಷಣದಲ್ಲಿ ಇವೆರಡನ್ನು ಬೇರೆ ಮಾಡಿ ತೋರಿಸುವ ಗುರುತು ಯಾವುದೂ ಇರಲಿಲ್ಲ. ಕಂಡದ್ದು ಎಷ್ಟೇ ನಿಚ್ಚಳವಾಗಿರಲಿ, ಅದರ ಅರ್ಥವನ್ನು ಒಂದೇ ಹೊಟ್ಟೆ ಹೇಳಲಾರದು.

ಇದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಅನಿರೀಕ್ಷಿತವನ್ನು ಒಂದು ತತ್ತ್ವವಾಗಿಯೇ ಬದಲಾಯಿಸಿದ. ಗರ್ಭಕೋಶದ ಹೊರಗೆ, ಡಿಂಬನಾಳದಲ್ಲಿ ನಿಂತ ಬಸಿರು ಒಡೆದು ರಕ್ತಸ್ರಾವದಿಂದ ಹೆಂಗಸರು ಸಾಯುತ್ತಿದ್ದರು. ಇದರ ನಿದಾನ ಹೊರಗಿನಿಂದ ಖಚಿತವಾಗುತ್ತಿರಲಿಲ್ಲ. 1883ರಲ್ಲಿ ಟೇಟ್ ಹೊಟ್ಟೆ ತೆರೆದು ನಾಳವನ್ನು ಕಟ್ಟಿ ರೋಗಿಯನ್ನು ಉಳಿಸಿದ. ಜೀವ ಅಪಾಯದಲ್ಲಿದ್ದು ಕಾರಣ ತಿಳಿಯದಿದ್ದರೆ ತೆರೆದು ನೋಡಬೇಕು ಎಂಬುದು ಅವನ ನಿಲುವು. ಈ ನಿಲುವು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಅದರಲ್ಲಿ ಅಡಗಿದ್ದ ಇನ್ನೊಂದು ಮಾತನ್ನು ಆಗ ಯಾರೂ ಬಿಡಿಸಿ ನೋಡಲಿಲ್ಲ. ತಿಳಿಯಲೆಂದೇ ತೆರೆದರೆ ಸಿಗುವುದು ಏನೇ ಆದರೂ ಅದು ಶಸ್ತ್ರಕ್ರಿಯೆಯ ವ್ಯಾಪ್ತಿಯೊಳಗೇ ಬರುತ್ತದೆ. ಅಂದರೆ ರೋಗಿ ವೈದ್ಯನಿಗೆ ಖಾಲಿ ಕಾಗದಕ್ಕೆ ಸಹಿ ಮಾಡಿ ಕೊಟ್ಟಂತೆ. ಪ್ರಾಣಾಪಾಯದ ಹೊತ್ತಿಗೆ ಹುಟ್ಟಿದ ಈ ಸಲಿಗೆ ಮುಂದೆ ಪ್ರಾಣಾಪಾಯವಿಲ್ಲದ ಹೊತ್ತಿಗೂ ಹಬ್ಬಿತು.

‘ಹೇಗೂ ತೆರೆದಾಗಿದೆ’

ಹಾಗೆ ಹಬ್ಬಿದ್ದಕ್ಕೆ ಸಿಗುವ ಗಟ್ಟಿ ಸಾಕ್ಷಿ ಅಪೆಂಡಿಕ್ಸಿನದು. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಸ್ ಬಲಗಡೆ ಕಿಬ್ಬೊಟ್ಟೆಯ ಕೀವಿನ ಮೂಲ ಅಪೆಂಡಿಕ್ಸ್ ಎಂದು ತೋರಿಸಿ, ಅದನ್ನು ಬೇಗ ತೆಗೆಯಬೇಕೆಂದ ಮೇಲೆ ಆ ಪುಟ್ಟ ಅಂಗಕ್ಕೆ ಕೆಟ್ಟ ಹೆಸರು ಅಂಟಿತು. ಗರ್ಭಕೋಶಕ್ಕೋ ಪಿತ್ತಕೋಶಕ್ಕೋ ಹೊಟ್ಟೆ ತೆರೆದಾಗ ಆರೋಗ್ಯವಾಗಿದ್ದ ಅಪೆಂಡಿಕ್ಸನ್ನೂ ಜೊತೆಯಲ್ಲೇ ತೆಗೆದುಬಿಡುವುದು 20ನೆಯ ಶತಮಾನದಲ್ಲಿ ವಾಡಿಕೆಯಾಯಿತು. ಅದರ ಹಿಂದಿದ್ದ ತರ್ಕ ಒಂದೇ: ಹೇಗೂ ತೆರೆದಾಗಿದೆಯಲ್ಲ, ಮುಂದೆ ತೊಂದರೆ ಕೊಡಬಹುದಾದದ್ದನ್ನು ಈಗಲೇ ತೆಗೆದರೆ ಏನು ನಷ್ಟ? ನಷ್ಟದ ಲೆಕ್ಕ 1990ರಲ್ಲಿ ಸಿಕ್ಕಿತು. ಅಮೆರಿಕದ 1979ರಿಂದ 1984ರವರೆಗಿನ ಆಸ್ಪತ್ರೆ ದಾಖಲೆಗಳ ಮೇಲೆ ನಡೆದ ಅಧ್ಯಯನದ ಪ್ರಕಾರ ಜೀವಮಾನದಲ್ಲಿ ಅಪೆಂಡಿಸೈಟಿಸ್ ಬರುವ ಸಂಭವ ಗಂಡಸರಲ್ಲಿ ಶೇಕಡಾ 8.6, ಹೆಂಗಸರಲ್ಲಿ ಶೇಕಡಾ 6.7. ಆದರೆ ಅಪೆಂಡಿಕ್ಸ್ ತೆಗೆಸಿಕೊಳ್ಳುವ ಸಂಭವ ಗಂಡಸರಲ್ಲಿ ಶೇಕಡಾ 12, ಹೆಂಗಸರಲ್ಲಿ ಶೇಕಡಾ 23.1. ರೋಗ ಕಡಿಮೆ ಬರುವವರಿಗೇ ಶಸ್ತ್ರಕ್ರಿಯೆ ಹೆಚ್ಚುಕಡಿಮೆ ಇಮ್ಮಡಿ. ಇದಕ್ಕೆ ಮುಖ್ಯ ಕಾರಣ ಗರ್ಭಕೋಶ, ಅಂಡಾಶಯಗಳಿಗಾಗಿ ಹೆಂಗಸರ ಹೊಟ್ಟೆ ಹೆಚ್ಚು ಸಲ ತೆರೆಯಲ್ಪಡುತ್ತಿತ್ತು ಎಂಬುದು. ಒಂದು ಅಪೆಂಡಿಸೈಟಿಸ್ ತಡೆಯಲು ಹೀಗೆ ಜೊತೆಯಲ್ಲಿ ತೆಗೆಯಬೇಕಾದ ಅಪೆಂಡಿಕ್ಸುಗಳು ಸುಮಾರು 36 ಎಂದು ಅದೇ ಅಧ್ಯಯನ ಅಂದಾಜಿಸಿತು. ವಯಸ್ಸಾದವರಲ್ಲಿ ಲಾಭ ಇನ್ನೂ ಕಡಿಮೆ. ಬಾಬ್ಸ್, ವೆಲ್ಸ್‌ರ ಕಾಲದಲ್ಲಿ ತೆರೆದ ಅಂಡಾಶಯದ ಬಾಗಿಲಿನಿಂದ ವೈದ್ಯವಿದ್ಯೆಗೆ ಬಂದ ಲಾಭದ ಬೆಲೆಯನ್ನು ಹೆಣ್ಣಿನ ದೇಹ ಹೇಗೆ ತೆತ್ತಿತೆಂಬುದು ಈ ಅಂಕಿಗಳಲ್ಲಿ ಕಾಣುತ್ತದೆ.

ಅಪೆಂಡಿಕ್ಸಿಗಿಂತ ಸೂಕ್ಷ್ಮವಾದ ಪರೀಕ್ಷೆ ಮೆಕೆಲ್ ಚೀಲದ್ದು. ಭ್ರೂಣದಲ್ಲಿ ಕರುಳನ್ನು ಹೊಕ್ಕುಳಿಗೆ ಸೇರಿಸುವ ನಾಳ ಪೂರ್ತಿ ಮಾಯವಾಗದೆ ಉಳಿದರೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬೆರಳಿನಂಥ ಚೀಲವಾಗಿ ನಿಲ್ಲುತ್ತದೆ. ಅದರ ಹುಟ್ಟನ್ನು ಜರ್ಮನಿಯ ಯೋಹಾನ್ ಫ್ರೀಡ್ರಿಶ್ ಮೆಕೆಲ್ 1809ರಲ್ಲಿ ವಿವರಿಸಿದ. ಜನರಲ್ಲಿ ಸುಮಾರು ಶೇಕಡಾ 2ರಷ್ಟು ಮಂದಿಗೆ ಇದು ಇರುತ್ತದೆ, ಬಹುತೇಕರಿಗೆ ತಿಳಿದೇ ಇರುವುದಿಲ್ಲ. ಬೇರೆ ಕಾರಣಕ್ಕೆ ಹೊಟ್ಟೆ ತೆರೆದಾಗ ಇದು ಕಂಡರೆ ತೆಗೆಯಬೇಕೇ ಬಿಡಬೇಕೇ? ಈ ಚೀಲದಿಂದ ಜೀವಮಾನದಲ್ಲಿ ತೊಂದರೆ ಬರುವ ಸಂಭವ ಶೇಕಡಾ 4.2 ಮಾತ್ರ, ಅದೂ ವಯಸ್ಸಾದಂತೆ ಇಳಿಯುತ್ತದೆ, ಆದ್ದರಿಂದ ಬಿಡಿ ಎಂದಿತು 1976ರ ಒಂದು ಅಧ್ಯಯನ. ಅಮೆರಿಕದ ಮೇಯೊ ಕ್ಲಿನಿಕ್ಕಿನ 1994ರ ಅಧ್ಯಯನ ಅದನ್ನು ಶೇಕಡಾ 6.4 ಎಂದು ಲೆಕ್ಕ ಹಾಕಿ, ತೆಗೆಯಿರಿ ಎಂದಿತು. ಅದೇ ಸಂಸ್ಥೆ 2005ರಲ್ಲಿ 1,476 ರೋಗಿಗಳ ದಾಖಲೆ ನೋಡಿ ಮಧ್ಯದ ದಾರಿ ಹಿಡಿಯಿತು: 50 ವರ್ಷದೊಳಗಿನವರು, ಗಂಡಸರು, 2 ಸೆಂಟಿಮೀಟರಿಗಿಂತ ಉದ್ದದ ಚೀಲ, ಅದರೊಳಗೆ ಅಸಹಜ ಅಂಗಾಂಶ, ಇವುಗಳಿದ್ದರೆ ಮಾತ್ರ ತೆಗೆಯುವುದನ್ನು ಪರಿಗಣಿಸಿ ಎಂದಿತು. 2008ರಲ್ಲಿ ಹಳೆಯ ವರದಿಗಳನ್ನೆಲ್ಲ ಒಟ್ಟುಗೂಡಿಸಿದ ಸಮೀಕ್ಷೆ, ಒಂದು ಸಾವನ್ನು ತಪ್ಪಿಸಲು ಹೀಗೆ ಅಕಸ್ಮಾತ್ ಕಂಡ 758 ಚೀಲಗಳನ್ನು ತೆಗೆಯಬೇಕಾದೀತು, ಬಿಡುವುದೇ ಲೇಸು ಎಂದಿತು. ಕಂಡದ್ದು ಅದೇ ಚೀಲ, ಅಧ್ಯಯನಗಳು ನಾಲ್ಕು, ಉತ್ತರ ಮಾತ್ರ ಒಂದಲ್ಲ. ಅಂಕಿಅಂಶ ಇಲ್ಲಿ ಕೊನೆಯ ತೀರ್ಪು ಕೊಡಲಿಲ್ಲ. ಆದರೆ ಅದಕ್ಕಿಂತ ಮುಖ್ಯವಾದದ್ದನ್ನು ಮಾಡಿತು: ಕಂಡ ಕೂಡಲೇ ಕೊಯ್ಯುವುದು ಸಹಜ ಎಂಬ ಭಾವನೆಯನ್ನು ಮುರಿದು, ಕೊಯ್ಯುವುದಕ್ಕೂ ಪ್ರತ್ಯೇಕವಾದ ಸಮರ್ಥನೆ ಬೇಕು ಎಂಬ ಸ್ಥಿತಿ ತಂದಿತು.

ಈ ಬದಲಾವಣೆ ಕ್ಯಾನ್ಸರ್ ಜಾತಿಯ ಗೆಡ್ಡೆಗಳಿಗೂ ತಲುಪಿತೆಂಬುದು ಗಮನಾರ್ಹ. ಅಪೆಂಡಿಸೈಟಿಸ್ ಎಂದು ತೆಗೆದ ಅಪೆಂಡಿಕ್ಸಿನ ತುದಿಯಲ್ಲಿ ಕಾರ್ಸಿನಾಯ್ಡ್ ಎಂಬ ನಿಧಾನಗತಿಯ ಗೆಡ್ಡೆ ಆಗಾಗ ಸಿಗುತ್ತದೆ. ಆ ಹೆಸರು ಕೊಟ್ಟವನು 1907ರಲ್ಲಿ ಜರ್ಮನಿಯ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್. ಗೆಡ್ಡೆಯೆಂದ ಮೇಲೆ ದೊಡ್ಡ ಕರುಳಿನ ಬಲಭಾಗವನ್ನೇ ತೆಗೆಯಬೇಕೆಂಬ ಒತ್ತಡ ಸಹಜವಾಗಿತ್ತು. 1987ರಲ್ಲಿ ಪ್ರಕಟವಾದ 150 ರೋಗಿಗಳ ದೀರ್ಘಕಾಲದ ಅಧ್ಯಯನದಲ್ಲಿ 2 ಸೆಂಟಿಮೀಟರಿಗಿಂತ ಚಿಕ್ಕ ಗೆಡ್ಡೆಯಿದ್ದ 127 ಮಂದಿಯಲ್ಲಿ ಒಬ್ಬರಿಗೂ ರೋಗ ಹರಡಿರಲಿಲ್ಲ. ಚಿಕ್ಕ ಗೆಡ್ಡೆಗೆ ಅಪೆಂಡಿಕ್ಸ್ ತೆಗೆದದ್ದೇ ಸಾಕು ಎಂಬ ನಿಯಮ ಇದರಿಂದ ಬಲವಾಯಿತು. ಭಾರತದ ಶಸ್ತ್ರವೈದ್ಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಕರುಳಿನ ಕ್ಷಯ. ಸಣ್ಣ ಕರುಳು ದೊಡ್ಡ ಕರುಳು ಕೂಡುವಲ್ಲಿ ಗೋಡೆ ದಪ್ಪಗಾಗಿ ಗಂಟಾಗಿದ್ದರೆ ಅದು ಕ್ಷಯವೋ, ಕ್ಯಾನ್ಸರೋ, ಕ್ರೋನ್ ರೋಗವೋ ಎಂದು ಬರಿಗಣ್ಣಿಗೆ ಹೇಳಲಾಗದು. ಕ್ಷಯಕ್ಕೆ ಮಾತ್ರೆಗಳಿರುವ ಈ ಕಾಲದಲ್ಲಿ, ಕರುಳು ಕಟ್ಟಿಕೊಂಡಿರದಿದ್ದರೆ, ಒಂದು ತುಣುಕನ್ನು ಪರೀಕ್ಷೆಗೆ ತೆಗೆದು ಹೊಟ್ಟೆ ಮುಚ್ಚುವುದು ವಿವೇಕದ ಕ್ರಮ. 1862ರಲ್ಲಿ ವೆಲ್ಸ್ ಕಂಡಂಥ ದೃಶ್ಯವೇ ಇಂದು ಕಂಡರೂ ಮಾಡುವ ಕೆಲಸ ಹೊರನೋಟಕ್ಕೆ ಹೆಚ್ಚು ಬೇರೆಯಲ್ಲ: ತೆರೆದು, ನೋಡಿ, ಮುಚ್ಚುವುದು. ಅದನ್ನೇ ಚಿಕಿತ್ಸೆಯೆಂದು ಭಾವಿಸದೆ, ಚಿಕಿತ್ಸೆಯನ್ನು ಬೇರೆ ಹೊತ್ತಿಗೆ, ಬೇರೆ ವಿಧಾನಕ್ಕೆ ಬಿಡುವುದರಲ್ಲಿ ವ್ಯತ್ಯಾಸವಿದೆ.

ನ್ಯಾಯಾಲಯಕ್ಕೆ ಬಂದ ಹೊಟ್ಟೆ

ಅಂಕಿಅಂಶ ಪ್ರಶ್ನೆಯ ಅರ್ಧವನ್ನಷ್ಟೇ ಬಿಡಿಸಿತು. ಕೊಯ್ಯುವುದು ಒಳ್ಳೆಯದೇ ಎಂದು ಸಿದ್ಧವಾದರೂ, ಹಾಗೆಂದು ತೀರ್ಮಾನಿಸುವವರು ಯಾರು? ಈ ಅರ್ಧವನ್ನು ಎತ್ತಿಕೊಂಡದ್ದು ನ್ಯಾಯಾಲಯಗಳು. 1908ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಗೆಡ್ಡೆಯ ಪರೀಕ್ಷೆಗೆ ಮಾತ್ರ ಈಥರ್ ಕೊಡಲು ಒಪ್ಪಿದ್ದ, ಶಸ್ತ್ರಕ್ರಿಯೆ ಬೇಡವೆಂದಿದ್ದ ಮಹಿಳೆಯೊಬ್ಬಳ ಗೆಡ್ಡೆಯನ್ನು ಪ್ರಜ್ಞೆಯಿಲ್ಲದಿದ್ದಾಗ ತೆಗೆಯಲಾಯಿತು. 1914ರ ತೀರ್ಪಿನಲ್ಲಿ ಅವಳು ಆಸ್ಪತ್ರೆಯ ವಿರುದ್ಧ ಗೆಲ್ಲಲಿಲ್ಲ. ಧರ್ಮಾರ್ಥ ಸಂಸ್ಥೆಯೆಂಬ ಕಾರಣಕ್ಕೆ ಅದು ಪಾರಾಯಿತು. ಆದರೆ ಸ್ವಸ್ಥ ಮನಸ್ಸಿನ ವಯಸ್ಕ ವ್ಯಕ್ತಿಯ ದೇಹಕ್ಕೆ ಏನಾಗಬೇಕೆಂಬ ನಿರ್ಧಾರ ಆ ವ್ಯಕ್ತಿಯದೇ ಎಂದು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಆ ತೀರ್ಪಿನಲ್ಲಿ ಬರೆದ ತತ್ತ್ವ ಮುಂದಿನ ಎಲ್ಲ ಚರ್ಚೆಗೂ ತಳಹದಿಯಾಯಿತು. ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಕೆನಡಾದ ಎರಡು ತೀರ್ಪುಗಳು ಹೇಳುತ್ತವೆ. 1933ರಲ್ಲಿ ನೋವಾ ಸ್ಕೋಷಿಯಾದ ಮಾರ್ಷಲ್ ಪ್ರಕರಣದಲ್ಲಿ ಹರ್ನಿಯಾ ಶಸ್ತ್ರಕ್ರಿಯೆಯ ನಡುವೆ ತೀವ್ರವಾಗಿ ಕೆಟ್ಟುಹೋದ ವೃಷಣ ಕಂಡು, ವೈದ್ಯ ಅದನ್ನು ತೆಗೆದಿದ್ದ. ಬಿಟ್ಟರೆ ರೋಗಿಯ ಆರೋಗ್ಯಕ್ಕೂ ಜೀವಕ್ಕೂ ಅಪಾಯ, ಮುಂದೂಡುವುದು ಅಸಮಂಜಸ ಎಂದು ನ್ಯಾಯಾಲಯ ವೈದ್ಯನ ಪರ ನಿಂತಿತು. 1949ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮುರ್‍ರೇ ಪ್ರಕರಣದಲ್ಲಿ ಸಿಸೇರಿಯನ್ ಹೊತ್ತಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆಗಳನ್ನು ಕಂಡ ವೈದ್ಯ, ಮುಂದಿನ ಬಸಿರು ಅಪಾಯವೆಂದು ಡಿಂಬನಾಳಗಳನ್ನು ಕಟ್ಟಿಬಿಟ್ಟಿದ್ದ. ಆಗಲೇ ಮಾಡಿದ್ದು ಅನುಕೂಲವಿರಬಹುದು, ಅಗತ್ಯವಾಗಿರಲಿಲ್ಲ ಎಂದು ನ್ಯಾಯಾಲಯ ಅವನನ್ನು ಹೊಣೆ ಮಾಡಿತು. ‘ಹೇಗೂ ತೆರೆದಾಗಿದೆ’ ಎಂಬ ತರ್ಕಕ್ಕೆ ಕಾನೂನು ಕೊಟ್ಟ ನೇರ ಉತ್ತರ ಇದು.

ಈ ಎರಡು ಕೆನಡಾ ತೀರ್ಪುಗಳನ್ನು ಎದುರಿಗಿಟ್ಟುಕೊಂಡೇ ಭಾರತದ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ತನ್ನ ಮಹತ್ವದ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಅವರು ಮೊದಲು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಪ್ರಕರಣ 1995ರದು. ಹೆಚ್ಚು ದಿನ ನಿಲ್ಲದ ಮುಟ್ಟಿನ ಸ್ರಾವಕ್ಕೆ ಕಾರಣ ಹುಡುಕಲು 44 ವರ್ಷದ ಅವಿವಾಹಿತ ಮಹಿಳೆಗೆ, ಸಣ್ಣ ರಂಧ್ರಗಳ ಮೂಲಕ ಒಳಗೆ ನೋಡುವ ಲ್ಯಾಪರೋಸ್ಕೋಪಿ ಪರೀಕ್ಷೆ ನಡೆಯುತ್ತಿತ್ತು. ಒಳಗೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ತೊಂದರೆ ಕಂಡುಬಂತು. ರೋಗಿಗೆ ಪ್ರಜ್ಞೆಯಿರಲಿಲ್ಲ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ, ಡಿಂಬನಾಳಗಳನ್ನು ತೆಗೆಯಲಾಯಿತು. ಪರೀಕ್ಷೆಗೆ ಕೊಟ್ಟ ಸಮ್ಮತಿ ಚಿಕಿತ್ಸೆಯ ಸಮ್ಮತಿಯಲ್ಲ. ತಾತ್ಕಾಲಿಕವಾಗಿ ಪ್ರಜ್ಞೆಯಿಲ್ಲದ ವಯಸ್ಕ ರೋಗಿಯ ಬದಲಿಗೆ, ತುರ್ತು ಇಲ್ಲದಿದ್ದಾಗ, ತಾಯಿ ಒಪ್ಪಿದರೂ ಸಾಲದು ಎಂದು ನ್ಯಾಯಾಲಯ ಹೇಳಿತು. ವೈದ್ಯರು ಸದುದ್ದೇಶದಿಂದಲೇ ನಡೆದುಕೊಂಡಿದ್ದರೆಂದು ಒಪ್ಪಿ ಪರಿಹಾರವನ್ನು 25,000 ರೂಪಾಯಿಗೆ ಸೀಮಿತಗೊಳಿಸಿತು. ಶುಲ್ಕ ಪಡೆಯುವ ಹಕ್ಕೂ ಅವರಿಗಿಲ್ಲವೆಂದಿತು. ಹಣದ ಮೊತ್ತ ಚಿಕ್ಕದು, ತತ್ತ್ವ ದೊಡ್ಡದು: ನಿದಾನ ಸರಿಯಿರಬಹುದು, ಕೈ ನುರಿತದ್ದಿರಬಹುದು, ಮನಸ್ಸು ಒಳ್ಳೆಯದಿರಬಹುದು, ಆದರೂ ಕೊಯ್ಯುವ ಅಧಿಕಾರ ಇವುಗಳಿಂದ ಹುಟ್ಟುವುದಿಲ್ಲ. ಚರಕನ ಪಟ್ಟಿಯಲ್ಲಿ ನೆಂಟರಿಗೆ ಸೇರಿದ್ದ ಅನುಮತಿ ಕೊನೆಗೂ ರೋಗಿಯ ಕೈ ಸೇರಿತು.

ಮೂರು ಆಕ್ಷೇಪಗಳು

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಇತಿಹಾಸದ್ದೇ. ಅಮಿಯಂಡ್, ಬಾಬ್ಸ್ ಕೈಕಟ್ಟಿ ಕುಳಿತಿದ್ದರೆ ಶಸ್ತ್ರಚಿಕಿತ್ಸೆ ಬೆಳೆಯುತ್ತಿತ್ತೇ? ಈ ಆಕ್ಷೇಪದ ಪ್ರಬಲ ಸಾಕ್ಷಿ ನ್ಯೂಯಾರ್ಕಿನ ಆಲನ್ ವಿಪಲ್. 1935ರಲ್ಲಿ ಅವನು ಮೇದೋಜ್ಜೀರಕ ಗ್ರಂಥಿಯ ತಲೆಭಾಗದ ಶಸ್ತ್ರಕ್ರಿಯೆಯನ್ನು ಎರಡು ಹಂತಗಳಲ್ಲಿ ಮಾಡುವ ವಿಧಾನ ವರದಿ ಮಾಡಿದ್ದ. 1940ರಲ್ಲಿ ಜಠರದ ಕ್ಯಾನ್ಸರೆಂದು ತೆರೆದ ಹೊಟ್ಟೆಯಲ್ಲಿ ಗೆಡ್ಡೆ ಮೇದೋಜ್ಜೀರಕದ ತಲೆಯಲ್ಲಿ ಕಂಡಾಗ, ಸಿದ್ಧತೆಯಿಲ್ಲದೆಯೇ ಎಲ್ಲವನ್ನೂ ಒಂದೇ ಹಂತದಲ್ಲಿ ಮುಗಿಸಿದ. ಇಂದು ಅವನ ಹೆಸರಿನಲ್ಲಿ ನಡೆಯುವ ಶಸ್ತ್ರಕ್ರಿಯೆ ಬಹುಪಾಲು ಒಂದೇ ಹಂತದ್ದು. ಆದರೆ ಈ ಉದಾಹರಣೆಗಳನ್ನು ಹತ್ತಿರದಿಂದ ನೋಡಿದರೆ ಅವು ನನ್ನ ವಾದವನ್ನು ಮುರಿಯುವುದಿಲ್ಲ. ಹುಡುಗನ ಮಲ ಸೋರುವ ಹುಣ್ಣು, ಬಾಬ್ಸ್‌ನ ರೋಗಿಯ ಉಬ್ಬು, ವಿಪಲ್‌ನ ರೋಗಿಯ ಗೆಡ್ಡೆ, ಮೂರರಲ್ಲೂ ಕಂಡದ್ದು ರೋಗಿ ಯಾವ ಸಂಕಟಕ್ಕೆ ಮೇಜಿನ ಮೇಲೆ ಮಲಗಿದ್ದರೋ ಅದೇ ಸಂಕಟದ ನಿಜವಾದ ಮೂಲ. ಅಂಗ ಬದಲಾಯಿತು, ಉದ್ದೇಶ ಬದಲಾಗಲಿಲ್ಲ. ಆರೋಗ್ಯವಾಗಿದ್ದ ಅಪೆಂಡಿಕ್ಸ್, ತಂಟೆ ಮಾಡದ ಮೆಕೆಲ್ ಚೀಲ, ಮುಂದೆಂದೋ ಆಗಬಹುದಾದ ಬಸಿರು, ಇವು ರೋಗಿಯ ಸಂಕಟಕ್ಕೆ ಸೇರಿದವಲ್ಲ. ಜೊತೆಗೆ, ಧೈರ್ಯದಿಂದ ಕೊಯ್ದು ಗೆದ್ದವರ ವರದಿಗಳೇ ಪತ್ರಿಕೆಗಳಿಗೆ ಹೆಚ್ಚು ಬಂದವು. ಸೋತವರ ಹೊಟ್ಟೆಗಳು ಮಣ್ಣಾದವು. ಗೆದ್ದ ಕಥೆಗಳಿಂದಷ್ಟೇ ನಿಯಮ ಕಟ್ಟಿದರೆ ಏನಾಗುತ್ತದೆಂಬುದನ್ನು ಕ್ಯೋನಿಗ್‌ನ ಉದಾಹರಣೆ ತೋರಿಸಿಕೊಟ್ಟಿದೆ.

ಎರಡನೆಯ ಆಕ್ಷೇಪ ರೋಗಿಯ ಹಿತದ್ದು. ಕಂಡದ್ದನ್ನು ಬಿಟ್ಟು ಮುಚ್ಚಿದರೆ ರೋಗಿ ಎರಡನೆಯ ಸಲ ಅರಿವಳಿಕೆ, ಎರಡನೆಯ ಗಾಯ, ಎರಡನೆಯ ಖರ್ಚು ಹೊರಬೇಕು. ಎಚ್ಚರವಿದ್ದಿದ್ದರೆ ಅವರೇ ತೆಗೆಯಿರಿ ಎನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಗೆ ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬಂದವರ ವಿಷಯದಲ್ಲಿ ಈ ಮಾತಿಗೆ ತೂಕವಿದೆ, ಅದನ್ನು ಹಗುರ ಮಾಡಲಾಗದು. ಆದರೆ ಇದು ಮುಂಚಿತ ಮಾತುಕತೆಗೆ ಕೊಡುವ ಕಾರಣವೇ ಹೊರತು ಮಾತುಕತೆಯನ್ನು ಬಿಟ್ಟುಬಿಡಲು ಕೊಡುವ ಕಾರಣವಲ್ಲ. ಯಾವ ಶಸ್ತ್ರಕ್ರಿಯೆಯಲ್ಲಿ ಏನೇನು ಸಿಗಬಹುದೆಂದು ವೈದ್ಯರಿಗೆ ಗೊತ್ತು. ಅಂಡಾಶಯದ ಗೆಡ್ಡೆ ಹುಡುಕುವಾಗ ಕ್ಷಯ, ಹರ್ನಿಯಾ ಬಿಚ್ಚುವಾಗ ಅಪೆಂಡಿಕ್ಸ್ ಸಿಗಬಹುದೆಂಬುದು ಈಗ ಪಠ್ಯಪುಸ್ತಕದ ಮಾತು. ಸಿಗಬಹುದಾದದ್ದನ್ನು ಮೊದಲೇ ಹೇಳಿ, ಸಿಕ್ಕರೆ ಏನು ಮಾಡಲಿ ಎಂದು ರೋಗಿಗೆ ತಿಳಿಯುವ ಭಾಷೆಯಲ್ಲಿ ಕೇಳಿದರೆ, ಹೆಚ್ಚಿನ ಸಂದರ್ಭಗಳಲ್ಲಿ ಎರಡನೆಯ ಗಾಯದ ಪ್ರಶ್ನೆಯೇ ಏಳುವುದಿಲ್ಲ. ಅಚ್ಚು ಹಾಕಿದ ಸಮ್ಮತಿ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿಸುವುದು ಈ ಕೆಲಸ ಮಾಡುವುದಿಲ್ಲ.

ಮೂರನೆಯ ಆಕ್ಷೇಪ, ಸ್ಕ್ಯಾನಿಂಗ್ ಯಂತ್ರಗಳು ಈ ಸಮಸ್ಯೆಯನ್ನೇ ಇಲ್ಲವಾಗಿಸಿವೆ ಎಂಬುದು. 1970ರ ದಶಕದಿಂದ ಹಬ್ಬಿದ ಸಿಟಿ ಸ್ಕ್ಯಾನ್ ಅಚ್ಚರಿಗಳನ್ನು ಕಡಿಮೆ ಮಾಡಿತೆನ್ನುವುದಕ್ಕಿಂತ ಜಾಗ ಬದಲಿಸಿತೆನ್ನುವುದು ಸರಿ. ಬೇರೆ ಕಾರಣಕ್ಕೆ ತೆಗೆದ ಸ್ಕ್ಯಾನಿನಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಗಂಟುಗಳು ಎಷ್ಟು ಸಿಗತೊಡಗಿದವೆಂದರೆ 1982ರ ಹೊತ್ತಿಗೆ ಅವಕ್ಕೆ ‘ಇನ್ಸಿಡೆಂಟಲೋಮ’ ಎಂಬ ಹೊಸ ಹೆಸರೇ ಹುಟ್ಟಿತು. ಅಕಸ್ಮಾತ್ ಕಂಡ ಗೆಡ್ಡೆ ಎಂಬುದು ಅದರ ಅರ್ಥ. ಯಂತ್ರಗಳ ದೊಡ್ಡ ಕೊಡುಗೆ ಬೇರೆ ಕಡೆಯಿದೆ. ಅಚ್ಚರಿಯನ್ನು ಅವು ರೋಗಿ ಎಚ್ಚರವಿರುವ ಹೊತ್ತಿಗೆ ತಂದವು. ಸ್ಕ್ಯಾನಿನಲ್ಲಿ ಗಂಟು ಕಂಡ ದಿನ ರೋಗಿ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಪ್ರಶ್ನೆ ಕೇಳಬಲ್ಲರು, ಬೇಡವೆನ್ನಬಲ್ಲರು. ಲ್ಯಾಪರೋಸ್ಕೋಪಿಯೂ ಇದೇ ದಿಕ್ಕಿನದು: ಎರಡು ಮೂರು ಸಣ್ಣ ರಂಧ್ರಗಳಲ್ಲಿ ನೋಡಿ ಹಿಂದೆ ಸರಿಯಬಹುದಾದ್ದರಿಂದ ‘ಹೇಗೂ ತೆರೆದಾಗಿದೆ’ ಎಂಬ ಮಾತಿನ ಬಲ ಕುಗ್ಗುತ್ತದೆ. ಆದರೆ ಯಂತ್ರ ಅವಕಾಶವನ್ನಷ್ಟೇ ಕೊಡುತ್ತದೆ. 1995ರ ಪ್ರಕರಣದಲ್ಲಿ ಇದ್ದದ್ದು ಲ್ಯಾಪರೋಸ್ಕೋಪಿಯೇ, ಹಿಂದೆ ಸರಿಯುವ ದಾರಿಯೂ ಇತ್ತು. ಆ ದಾರಿಯನ್ನು ಬಳಸಲಿಲ್ಲ. ಬೇರ್ಪಡಿಕೆಯನ್ನು ಉಪಕರಣವೊಂದೇ ತರಲಾರದು ಎಂಬುದಕ್ಕೆ ಅದೇ ಪುರಾವೆ.

ಹರ್ನಿಯಾದ ಚೀಲದಲ್ಲಿ ಅಪೆಂಡಿಕ್ಸ್ ಸಿಗುವುದನ್ನು ವೈದ್ಯರು ಇಂದಿಗೂ ಅಮಿಯಂಡ್ ಹರ್ನಿಯಾ ಎಂದೇ ಕರೆಯುತ್ತಾರೆ. 2007ರಲ್ಲಿ ಪ್ರಕಟವಾದ ವರ್ಗೀಕರಣವೊಂದು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಕ್ರಮ ಸೂಚಿಸಿದೆ. ಅಪೆಂಡಿಕ್ಸ್ ಕೀವುಗಟ್ಟಿದ್ದರೆ ಅಮಿಯಂಡ್ ಮಾಡಿದ್ದನ್ನೇ ಮಾಡಬೇಕು. ಮೊದಲ ಬಗೆಯಲ್ಲಿ, ಅಂದರೆ ಅಪೆಂಡಿಕ್ಸ್ ಆರೋಗ್ಯವಾಗಿದ್ದರೆ, ಅದನ್ನು ಮರಳಿ ಹೊಟ್ಟೆಯೊಳಗೆ ಸೇರಿಸಿ ಹರ್ನಿಯಾದ ಜಾಗಕ್ಕೆ ಜಾಲರಿ ಹೊಲಿಯುವುದು ಸಾಮಾನ್ಯ ಸಲಹೆ. ಆರೋಗ್ಯವಾದ ಅಪೆಂಡಿಕ್ಸನ್ನು ಕೊಯ್ದು ಶುಭ್ರವಾದ ಗಾಯಕ್ಕೆ ಸೋಂಕಿನ ಅಪಾಯ ತಂದುಕೊಳ್ಳುವುದು ಏಕೆಂಬ ವಿವೇಚನೆ ಅದರಲ್ಲಿದೆ. 1735ರಿಂದ 2007ರವರೆಗೆ ಕಂಡ ಅಂಗ ಬದಲಾಗಿಲ್ಲ. ಕಂಡದ್ದನ್ನು ಕೈಯಲ್ಲಿ ಹಿಡಿದು, ನೋಡಿ, ಇದ್ದಲ್ಲಿಗೆ ಮರಳಿ ಇಡುವುದೂ ಶಸ್ತ್ರವಿದ್ಯೆಯ ಕೆಲಸವೇ ಎಂಬ ಒಪ್ಪಿಗೆ ಮಾತ್ರ ಹೊಸದು.